ಪದ ಬೇಕಿದೆ: ‘ಸಿಂಟ್ಯಾಕ್ಸ್ ಹೈಲೈಟಿಂಗ್’ – ಮೆನುವಿಗೆ, ನಾಳೆಯೊಳಗೆ

ಎಲ್ಲರಿಗೂ ನಮಸ್ಕಾರ.

ಪ್ರೋಗ್ರಾಮ್ ಬರೆಯುವ ಒಂದು ಮುಕ್ತ ಎಡಿಟರನ್ನು ಕನ್ನಡಕ್ಕೆ ತರುತ್ತಿದ್ದೇವೆ. ನಾಳೆ ರಾತ್ರಿಯೊಳಗೆ ಅನುವಾದದ ಕಡತ ಕಳಿಸಬೇಕು. ‘ಸಿಂಟ್ಯಾಕ್ಸ್ ಹೈಲೈಟಿಂಗ್’ (ಕೋಡಿನ ಬಗೆಬಗೆಯ ಪದಗಳನ್ನು ಎಡಿಟರ್ ಬೇರೆ ಬೇರೆ ಬಣ್ಣ, ಅಕ್ಷರಶೈಲಿಗಳಲ್ಲಿ ತೋರಿಸುವ ಸೌಲಭ್ಯ) ಒಂದು ಬಾಕಿ ಉಳಿದಿದೆ. ಹಿಂದಿನವರು ‘ವಾಕ್ಯರಚನಾ ಪ್ರಜ್ವಲನ’ ಎಂದು ಹಾಕಿದ್ದಾರೆ. ಮೆನುವಿನಲ್ಲಿ ಅದು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ, ಪೂರ್ತಿ ಕಂಡರೂ ಓದಿದವರಿಗೆ ಅರ್ಥವಾಗುವುದಿಲ್ಲ. ಮೂರು ಕಡೆ ಬೇಕು: ಮೆನುವಿನ ಹೆಸರು, ‘ಇದು ಬೇಡ’ ಎನ್ನುವ ಆಯ್ಕೆ, ಥೀಮ್ ಆರಿಸುವ ಪುಟದ ತಲೆಬರಹ. ದಯವಿಟ್ಟು ಚಿಕ್ಕ ಪದ ಹೇಳಿ.

---

ಸೊಲ್ಲುಬಣ್ಣ.

ಇದಕ್ಕೆ ಇಶ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಂಟ್ಯಾಕ್ಸ್ ಅಂದರೆ ಸೊಲ್ಲಿನ ಕಟ್ಟಣೆ, ಹೈಲೈಟ್ ಅಂದರೆ ಬಣ್ಣ ಹಚ್ಚುವುದು. ಎರಡೂ ಅಚ್ಚಗನ್ನಡ, ನಾಲಗೆಗೆ ಸಲೀಸು. ‘ಪ್ರಜ್ವಲನ’ದಂತಹ ಸಂಸ್ಕ್ರುತದ ಹೊರೆಯನ್ನು ಕಂಪ್ಯೂಟರಿನ ಮೇಲೂ ಹೊರಿಸುವುದು ಬೇಡ.

---

> ಎರಡೂ ಅಚ್ಚಗನ್ನಡ, ನಾಲಗೆಗೆ ಸಲೀಸು

ಅಲ್ಲ. ‘ಬಣ್ಣ’ ಸಂಸ್ಕೃತ ‘ವರ್ಣ’ದ ತದ್ಭವ, ಪ್ರಾಕೃತದ ‘ವಣ್ಣ’ದ ಮೂಲಕ ಬಂದದ್ದು. ಪದದ ಮೊದಲಿನ ವಕಾರ ಬಕಾರವಾಗುವುದು ನಮ್ಮಲ್ಲಿ ರೂಢಿ: ವಸತಿ–ಬಸದಿ, ವೀಥಿ–ಬೀದಿ, ವಾಪಿ–ಬಾವಿ. ‘ಸಲೀಸು’ ಅರಬ್ಬಿಯದು. ಅಚ್ಚಗನ್ನಡದ ಹಟ ಹಿಡಿಯುವವರು ಇಷ್ಟನ್ನಾದರೂ ನೋಡಿಕೊಳ್ಳಬೇಕು.

ಹಾಗೆಂದು ‘ವಾಕ್ಯಬಣ್ಣ’ ಎನ್ನಲೂ ಬರುವುದಿಲ್ಲ, ಅದು ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸಿದ ಸಮಾಸ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬಿರುದುಗಳಲ್ಲೂ ಹಿಂದಿನ ಕವಿಗಳ ಪ್ರಯೋಗದಲ್ಲೂ ಅದನ್ನು ಒಪ್ಪಿದ್ದಾನೆ, ಮೆನುಗಳಲ್ಲಿ ಅಲ್ಲ. ನನ್ನ ಸಲಹೆ: ವಿನ್ಯಾಸವರ್ಣಾಂಕನ. ತೆಲುಗರಿಗೂ ಮರಾಠಿಯವರಿಗೂ ತಿಳಿಯುತ್ತದೆ.

---

ಸರ್, ಇಬ್ಬರೂ ಇಂಗ್ಲಿಷ್ ಪದವನ್ನು ಎರಡು ಹೋಳು ಮಾಡಿ ಒಂದೊಂದು ಹೋಳಿಗೂ ಪದ ಹುಡುಕುತ್ತಿದ್ದೀರಿ. ಆ ಸಾಧನ ಒಳಗೆ ಕೆಲಸ ಮಾಡುವುದು ಹೇಗೆ ಎಂಬುದು ಈ ಚರ್ಚೆಯಲ್ಲಿ ಇದುವರೆಗೆ ಬಂದೇ ಇಲ್ಲ.

ಪಿಗ್ಮೆಂಟ್ಸ್ ತೆಗೆದುಕೊಳ್ಳಿ. 2006ರಲ್ಲಿ ಹೊರಬಂದ, ಪೈಥಾನಿನಲ್ಲಿ ಬರೆದ, ಬಿಎಸ್‌ಡಿ ಪರವಾನಗಿಯ ತಂತ್ರಾಂಶ. ವಿಕಿಪೀಡಿಯದ ಪುಟಗಳಲ್ಲಿ ಕೋಡಿಗೆ ಬಣ್ಣ ಬರುವುದು ಇದರಿಂದಲೇ. 2015ರವರೆಗೆ ಆ ಕೆಲಸ ಮಾಡುತ್ತಿದ್ದದ್ದು ಗೆಶಿ ಎಂಬ ಪಿಎಚ್‌ಪಿ ತಂತ್ರಾಂಶ. ಕನ್ನಡ ವಿಕಿಪೀಡಿಯ ನಡೆಯುವುದೂ ವಿಕಿಪೀಡಿಯವನ್ನು ನಡೆಸುವ ಅದೇ ಮೀಡಿಯಾವಿಕಿ ತಂತ್ರಾಂಶದ ಮೇಲೆ, ಆದ್ದರಿಂದ ಅಲ್ಲೂ ಇದೇ ವ್ಯವಸ್ಥೆ. ಪಿಗ್ಮೆಂಟ್ಸ್‌ನ ಒಳಗೆ ಮೊದಲು ಸಿಗುವುದು ಲೆಕ್ಸರ್. ಅದು ಕಡತವನ್ನು ಮೊದಲಿನಿಂದ ಓದುತ್ತಾ, ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಿಗೆ (ಅಕ್ಷರಗಳ ಮಾದರಿ ಹೇಳುವ ಸೂತ್ರಗಳಿಗೆ) ಹೊಂದಿಸಿ ನೋಡುತ್ತಾ ತುಂಡು ತುಂಡು ಮಾಡುತ್ತದೆ: ಇದು ಕೀವರ್ಡ್ (ಭಾಷೆಯದೇ ಮೀಸಲು ಪದ), ಇದು ಅಂಕಿ, ಇದು ಸ್ಟ್ರಿಂಗ್ (ಉದ್ಧರಣೆಯೊಳಗಿನ ಪಠ್ಯ), ಇದು ಕಮೆಂಟ್ (ಓದುವವರಿಗೆ ಬರೆದ ಟಿಪ್ಪಣಿ). ವಾಕ್ಯ ಸರಿಯಾಗಿದೆಯೇ ಎಂದು ನೋಡುವುದು ಅದರ ಕೆಲಸವಲ್ಲ. ಆವರಣ ಚಿಹ್ನೆ ಮುಚ್ಚದಿದ್ದರೂ, ಸಾಲಿಗೆ ತಲೆಬುಡ ಇಲ್ಲದಿದ್ದರೂ ಬಣ್ಣ ಮಾತ್ರ ನೀಟಾಗಿ ಬರುತ್ತದೆ. ಇದೇ ಕೆಲಸದ ಬೇರೆ ತಂತ್ರಾಂಶಗಳಾದ ಹೈಲೈಟ್ ಜೆಎಸ್, ಪ್ರಿಸಂ ಕೂಡ ಹೀಗೇ. ಕೆಲಸವೆಲ್ಲ ಬಿಡಿ ಪದಗಳ ಮಟ್ಟದಲ್ಲಿ ನಡೆಯುವಾಗ ‘ಸೊಲ್ಲು’ ಎಲ್ಲಿಂದ ಬಂತು, ‘ವಾಕ್ಯ’ ಎಲ್ಲಿಂದ ಬಂತು?

ಟ್ರೀ ಸಿಟರ್ ಎಂಬ ತಂತ್ರಾಂಶ ಒಂದು ಬೇರೆ ದಾರಿಯದು. ಅದು ವ್ಯಾಕರಣದ ಪ್ರಕಾರ ಇಡೀ ಕಡತದ ರಚನೆಯನ್ನು ಮರದಂತೆ ಕವಲು ಕವಲಾಗಿ ಕಟ್ಟುತ್ತದೆ. 2023ರಲ್ಲಿ ಬಂದ ಈಮ್ಯಾಕ್ಸ್ ಎಡಿಟರಿನ 29ನೇ ಆವೃತ್ತಿಯಲ್ಲಿ ಅದಕ್ಕೆ ಬೆಂಬಲ ಸೇರಿತು. ಆದರೆ ಒಂದು ಸಾಧನವನ್ನು ನೋಡಿ ಎಲ್ಲದಕ್ಕೂ ಹೆಸರಿಡಲಾಗದು.

ಇನ್ನು ‘ಬಣ್ಣ’. ಪಿಗ್ಮೆಂಟ್ಸ್‌ನಲ್ಲೇ ಒಂದು ಕಪ್ಪುಬಿಳುಪಿನ ಶೈಲಿ ಇದೆ: ಕೀವರ್ಡ್ ದಪ್ಪಕ್ಷರದಲ್ಲಿ, ಕಮೆಂಟ್ ಓರೆಯಕ್ಷರದಲ್ಲಿ. ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 1960ರ ವರದಿಯಲ್ಲಿ ಕೀವರ್ಡುಗಳನ್ನು ದಪ್ಪಕ್ಷರದಲ್ಲೇ ಅಚ್ಚು ಹಾಕಿದ್ದರು. ಈಮ್ಯಾಕ್ಸ್‌ನಲ್ಲಿ ಈ ಸೌಲಭ್ಯದ ಹೆಸರು ‘ಫಾಂಟ್ ಲಾಕ್’, ಅಲ್ಲೂ ಬಣ್ಣದ ಮಾತಿಲ್ಲ. ಕೆಂಪು ಹಸಿರು ಬೇರೆ ಮಾಡಿ ಕಾಣಲಾಗದವರು ಈ ದಪ್ಪ, ಓರೆಯನ್ನೇ ನೆಚ್ಚಿಕೊಂಡಿರುತ್ತಾರೆ. ಅವರ ಮೆನುವಿನಲ್ಲಿ ‘ಬಣ್ಣ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಸಿ ಭಾಷೆ ಕಲಿಯುವ ಹುಡುಗಿಯ ಪಕ್ಕ ಕೂತು ನೋಡಿ. /* ಎಂದು ಕಮೆಂಟ್ ತೆರೆದು ಮುಚ್ಚಲು ಮರೆತರೆ ಅಲ್ಲಿಂದ ಕೆಳಗಿನ ಕೋಡೆಲ್ಲ ಕಮೆಂಟಿನಂತೆ ಮಂಕಾಗಿಬಿಡುತ್ತದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ದೂರುವ ಮೊದಲೇ ಅವಳ ಕಣ್ಣು ಅಲ್ಲಿಗೆ ಹೋಗಿರುತ್ತದೆ. ಅವಳು ಅದಕ್ಕೆ ಹೇಳುವುದು ‘ಹೈಲೈಟ್ ಯಾಕೋ ಸರಿಯಾಗಿ ಬರ್ತಿಲ್ಲ’ ಎಂದು. ಪುಸ್ತಕದಲ್ಲಿ ಮುಖ್ಯವಾದದ್ದಕ್ಕೆ ಹೈಲೈಟರ್ ಎಳೆದು ಬೆಳೆದವಳು ಅವಳು. ಹೈಲೈಟ್ ಮಾಡು, ಹೈಲೈಟ್ ಆಗಿಲ್ಲ, ಹೈಲೈಟ್ ಬೇಡ – ಮೂರೂ ಕಡೆಗೆ ಹೊಂದುತ್ತದೆ. ಮೆನುವಿಗೆ ‘ಕೋಡ್ ಹೈಲೈಟ್’ ಹಾಕಿ.

---

ಹೀಗೆ ಹೊರಗಿನ ಪದಕ್ಕೆಲ್ಲ ‘ಮಾಡು’ ಹಚ್ಚುತ್ತಾ ಹೋದರೆ ಕನ್ನಡಕ್ಕೆ ಉಳಿಯುವ ಎಸಕಪದ (ಕ್ರಿಯಾಪದ) ‘ಮಾಡು’ ಒಂದೇ. ಸೇವ್ ಮಾಡು, ಡಿಲೀಟ್ ಮಾಡು, ಈಗ ಹೈಲೈಟ್ ಮಾಡು. ಉಳಿಸು, ಅಳಿಸು ನಮ್ಮಲ್ಲಿಲ್ಲವೇ? ಬಣ್ಣ ತದ್ಬವವಾದರೂ ಕನ್ನಡದ್ದೇ ಆಗಿ ಸಾವಿರ ವರುಶ ಮೇಲಾಯಿತು, ಅದನ್ನು ಇದರ ಜೊತೆ ಹೋಲಿಸಬೇಡಿ.

---

ಉಳಿಸು, ಅಳಿಸು ಇವೆ, ಚೆನ್ನಾಗಿಯೇ ಇವೆ, ಮೆನುಗಳಲ್ಲಿ ಬಳಸುತ್ತಲೂ ಇದ್ದೇವೆ. ಇದ್ದ ಪದವನ್ನು ಬಿಡಿ ಎಂದು ನಾನು ಹೇಳಿಲ್ಲ. ಹೈಲೈಟಿಗೆ ಅಂಥದ್ದು ಇದ್ದರೆ ಕೊಡಿ, ಈಗಲೇ ಒಪ್ಪುತ್ತೇನೆ. ‘ಎತ್ತಿ ತೋರಿಸು’ ಹತ್ತಿರ ಬರುತ್ತದೆ, ಆದರೆ ಅದು ಒಂದನ್ನು ಉಳಿದವುಗಳಿಂದ ಬೇರೆ ಮಾಡಿ ತೋರಿಸುವುದು. ಇಲ್ಲಿ ಪ್ರತಿಯೊಂದು ಪದಕ್ಕೂ ಅದರದರ ವೇಷ. ಕಾಗದ, ಕಚೇರಿ, ಮೇಜು ಬಂದವು, ವಿಭಕ್ತಿ ಹಚ್ಚಿಕೊಂಡು ನಮ್ಮವಾದವು. ಕನ್ನಡ ಕ್ರಿಯಾಪದ ಒಂದೂ ಅದರಿಂದ ಸಾಯಲಿಲ್ಲ.

---

ಕಾಗದ ಬಂದದ್ದು ವಸ್ತುವಿನ ಜೊತೆಗೆ. ಹೈಲೈಟ್ ಬರುತ್ತಿರುವುದು ಅನುವಾದಕರ ಸೋಮಾರಿತನದ ಜೊತೆಗೆ. ಸಂಸ್ಕೃತದಲ್ಲಿ ಧಾತುಗಳಿಗೆ ಬರವಿಲ್ಲ, ಹುಡುಕುವ ಶ್ರಮ ಬೇಕು. ನಾನು ಇನ್ನು ಈ ಚರ್ಚೆಗೆ ಬರುವುದಿಲ್ಲ.

---

ಎಲ್ಲರಿಗೂ ವಂದನೆ. ಕಡತ ಕಳಿಸಿದೆ. ಮೆನುವಿನಲ್ಲಿ ‘ಕೋಡ್ ಹೈಲೈಟ್’, ಆಯ್ಕೆಯಲ್ಲಿ ‘ಹೈಲೈಟ್ ಬೇಡ’, ಥೀಮ್ ಪುಟಕ್ಕೆ ‘ಬಣ್ಣ ಮತ್ತು ಅಕ್ಷರಶೈಲಿ’. ಸಹಾಯದ ಪುಟದಲ್ಲಿ ‘ಲೆಕ್ಸರ್’ ಇನ್ನೂ ಹಾಗೆಯೇ ಇದೆ. ಅದಕ್ಕೆ ಮುಂದಿನ ವಾರದವರೆಗೆ ಸಮಯವಿದೆ, ಬೇರೆ ಮೇಲ್ ಹಾಕುತ್ತೇನೆ. ಬರುವುದಿಲ್ಲ ಎಂದ ಸರ್ ಅವರೂ ದಯವಿಟ್ಟು ಅದಕ್ಕೆ ಬರೆಯಬೇಕು.