ಮುಂಬೈ–ನ್ಯೂಯಾರ್ಕ್: ದೂರವೂ ಸಮಯವೂ ತಾಳೆಯಾಗುತ್ತಿಲ್ಲ

ಕೋಥ್ರೂಡ್_ಕನ್ನಡಿಗ: ನವೆಂಬರ್ 11ರಂದು ಅಮ್ಮ ಒಬ್ಬರೇ ಮುಂಬೈನಿಂದ ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣಕ್ಕೆ ನೇರ ವಿಮಾನದಲ್ಲಿ ಹೊರಟಿದ್ದಾರೆ. ಮಾತ್ರೆ, ಊಟದ ಹೊತ್ತು ಬರೆದುಕೊಡಬೇಕು. ದೂರ ಒಂದು ಕಡೆ 6,760, ಇನ್ನೊಂದು ಕಡೆ 12,500 ಎಂದಿದೆ. ಎರಡೂ ಊರಿನ ಅಕ್ಷಾಂಶ, ರೇಖಾಂಶ ಹಾಕಿ ಎಕ್ಸೆಲ್‌ನಲ್ಲಿ ನಾನೇ ಲೆಕ್ಕ ಹಾಕಿದರೆ 2,400 ಕಿ.ಮೀ.! ಹೊರಡುವುದು 01:30, ತಲುಪುವುದು ಅದೇ ದಿನ 06:45. ನಿಜವಾಗಿ ಎಷ್ಟು ಗಂಟೆಯ ಪ್ರಯಾಣ?

ಡೊಂಬಿವಲಿ_ಭೂಗೋಳ: 12,500 ಕಿ.ಮೀ. ಸರಿ. 6,760 ಕೂಡ ತಪ್ಪಲ್ಲ, ಅದು ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲು; ಕಿ.ಮೀ.ಗೆ 1.852ರಿಂದ ಗುಣಿಸಿ. ಮಾಮೂಲಿ ಮೈಲು ಎಂದುಕೊಂಡು 1.609ರಿಂದ ಗುಣಿಸಿದರೆ 10,900ಕ್ಕೆ ಬಂದು ನಿಲ್ಲುತ್ತೀರಿ.

ನಿಮ್ಮ 2,400 ಬಂದದ್ದು ಮೈನಸ್ ಬಿಟ್ಟಿದ್ದರಿಂದ; ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಬೇಕು. ಜೆಎಫ್‌ಕೆ ಇರುವುದು 40.64 ಉತ್ತರ, 73.78 ಪಶ್ಚಿಮ. ಪೂರ್ವ ಎಂದು ಹಾಕಿದರೆ ಕಿರ್ಗಿಸ್ತಾನಕ್ಕೆ ಹೋಗುತ್ತದೆ. ಮುಂಬೈ 19.09, 72.87, ಜೆಎಫ್‌ಕೆ 40.64, −73.78; ನಾಲ್ಕನ್ನೂ ಮೊದಲು ಡಿಗ್ರಿಯಿಂದ ರೇಡಿಯನ್‌ಗೆ (ಎಕ್ಸೆಲ್ ಕೋನಕ್ಕೆ ಬಳಸುವ ಅಳತೆ) ಬದಲಿಸಿ, ಭೂಮಿಯ ತ್ರಿಜ್ಯ 6,371 ಹಿಡಿಯಿರಿ.

ಗ್ಲೋಬ್ ಇದ್ದರೆ ಎರಡೂ ಊರಿನ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ, ಅದೇ ಅತಿ ಹತ್ತಿರದ ದಾರಿ. ಅದು ಅರಬ್ಬಿ ಸಮುದ್ರ ದಾಟಿ ನೇರ ಪಶ್ಚಿಮಕ್ಕೆ ಹೋಗುವುದೇ ಇಲ್ಲ. ಮುಂಬೈನಿಂದ ಬಹುಪಾಲು ಉತ್ತರಕ್ಕೇ ಹತ್ತಿ, 65 ಡಿಗ್ರಿ ಅಕ್ಷಾಂಶದ ಹತ್ತಿರ ಹೋಗಿ ಕೆಳಗಿಳಿಯುತ್ತದೆ. ಎಷ್ಟು ಚೆಂದದ ದಾರಿ ಅದು!

ಸಹಾರ್_ರನ್‌ವೇ: ಆದರೆ ವಿಮಾನ ಆ ದಾರದ ಮೇಲೆಯೇ ಹೋಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ್ದರಿಂದ ನಮ್ಮವು ಸುತ್ತು ಹಾಕಬೇಕಾಯಿತು. ಗಾಳಿಯದು ಇನ್ನೊಂದು ಲೆಕ್ಕ. 900 ಕಿ.ಮೀ. ವೇಗದಲ್ಲಿ 14 ಗಂಟೆ ಸಾಕು. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಎದುರುಗಾಳಿ ಸಿಕ್ಕಿದರೆ ನೆಲದ ಲೆಕ್ಕದ ವೇಗ 840ಕ್ಕಿಳಿದು ಒಂದು ಗಂಟೆ ಹೆಚ್ಚುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗೆ. ಟಿಕೆಟ್ಟಿನ ಸಮಯ ಗೇಟಿನಿಂದ ಗೇಟಿಗೆ, ರನ್‌ವೇಗೆ ಸಾಗುವ ಹೊತ್ತೂ ಸೇರಿ. ಅದನ್ನೇ ನಂಬಿ, ಭಾಗಾಕಾರ ಬೇಡ.

ಮಾಟುಂಗಾ_ಮಾಮಿ: 01:30ರಿಂದ 06:45 ಎಂದರೆ ಟಿಕೆಟ್ಟಿನಲ್ಲಿ ಕಾಣುವುದು ಐದೂಕಾಲು ಗಂಟೆ; ಆದರೆ ಎರಡೂ ಆಯಾ ಊರಿನ ಸಮಯ. ಅದಕ್ಕೆ ಸಮಯದ ಅಂತರ ಸೇರಿಸಬೇಕು. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಅಂತರ 10:30, ಅದಕ್ಕೆ ಮುಂಚೆ 9:30. ಹಾಗಾಗಿ ಒಟ್ಟು 15:45.

ದಿನಾಂಕ ಜೋಪಾನ ರೀ. 11ರಂದು 01:30 ಎಂದರೆ 10ರ ರಾತ್ರಿಯೇ ಏರ್‌ಪೋರ್ಟಿನಲ್ಲಿರಬೇಕು. ಎಷ್ಟೋ ಜನ ಇಲ್ಲೇ ಒಂದು ದಿನ ತಪ್ಪುತ್ತಾರೆ. ಮೂರು ಗಂಟೆ ಮುಂಚೆ, ಅಂದರೆ 10ರ ರಾತ್ರಿ ಹತ್ತೂವರೆಗೆ ಟಿ2 (ಸಹಾರ್‌ನ ಟರ್ಮಿನಲ್ 2) ತಲುಪಬೇಕು. ಪುಣೆಯ ಕೋಥ್ರೂಡಿನಿಂದ ಸುಮಾರು 150 ಕಿ.ಮೀ.; ನಾಲ್ಕು ಗಂಟೆ ಹಿಡಿದು, ಘಾಟಿನಲ್ಲಿ ಟ್ರಕ್ ಕೆಟ್ಟು ನಿಂತರೆ ಇರಲಿ ಅಂತ ಇನ್ನೊಂದು ಗಂಟೆ. ಸಂಜೆ ಐದೂವರೆಗೆ ಮನೆ ಬಿಡಿ. ಡ್ರೈವರಿಗೆ ಸಹಾರ್ ಎಂದು ಒತ್ತಿ ಹೇಳಿ; ಸಾಂತಾಕ್ರೂಜ್ ಟಿ1 ಬೇರೆ.

ಮಾತ್ರೆಯ ಅಂತರ ಡಾಕ್ಟರನ್ನು ಕೇಳಿಕೊಂಡು, ದಪ್ಪಕ್ಷರದಲ್ಲಿ ಭಾರತದ ಸಮಯವನ್ನೇ ಬರೆಯಿರಿ. ಇಳಿಯುವವರೆಗೆ ಅಮ್ಮನ ಕೈಗಡಿಯಾರ ತಿರುಗಿಸಬೇಡಿ. ಮೊಬೈಲ್ ನೋಡುವುದೂ ಬೇಡ, ಇಳಿದೊಡನೆ ಅದರ ಸಮಯ ತಾನೇ ಬದಲಾಗುತ್ತದೆ. ಮಾತ್ರೆಯ ಡಬ್ಬಿ ಕೈಚೀಲದಲ್ಲೇ ಇರಲಿ.