ವಿಷಯ: ‘ವಿಟ್ರಿಫೈಡ್ ಟೈಲ್’ ಕನ್ನಡದಲ್ಲಿ ಏನು?

ಪ್ರಶ್ನೆ:
ಬಲ್ಲವರಿಗೆ ನಮಸ್ಕಾರ. ಟೈಲ್ಸ್ ಅಂಗಡಿಯೊಂದರ ಕನ್ನಡ ಫಲಕಗಳು ಸೋಮವಾರ ಅಚ್ಚಿಗೆ ಹೋಗಬೇಕಾಗಿವೆ. ‘ಸೆರಾಮಿಕ್ ವಾಲ್ ಟೈಲ್’, ‘ವಿಟ್ರಿಫೈಡ್ ಫ್ಲೋರ್ ಟೈಲ್’, ‘ಆ್ಯಂಟಿ ಸ್ಕಿಡ್ ಟೈಲ್’ ಈ ಮೂರಕ್ಕೂ ಗಿರಾಕಿಗಳಿಗೆ ತಿಳಿಯುವ ಹೆಸರು ಬೇಕು. ಮೊದಲೆರಡಕ್ಕೂ ‘ಪಿಂಗಾಣಿ ಹಂಚು’ ಎಂದರೆ ಸಾಕಾಗಬಹುದೇ?

ಉತ್ತರ:
ಸಾಲದು. ಹಂಚು ಎಂದೊಡನೆ ನಮಗೆ ನೆನಪಾಗುವುದು ರೊಟ್ಟಿ ಬೇಯಿಸುವ ಹಂಚು, ಇಲ್ಲವೇ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೂ ಹಬ್ಬಿದ ಕೆಂಪು ಮಾಡಿನ ಹಂಚು. ಅದಕ್ಕಿಂತ ದೊಡ್ಡ ತೊಡಕೆಂದರೆ, ಗುಣದಲ್ಲಿ ತೀರ ಬೇರೆಯಾದ ಎರಡು ವಸ್ತುಗಳಿಗೆ ತಾವು ಒಂದೇ ಹೆಸರಿಡುತ್ತಿದ್ದೀರಿ. ಗೋಡೆಯ ಟೈಲಿನ ಒಡಲು ಸಣ್ಣ ಸಣ್ಣ ರಂಧ್ರಗಳಿಂದ ತುಂಬಿದ್ದು, ಸಾಮಾನ್ಯವಾಗಿ ತನ್ನ ತೂಕದ ಶೇಕಡಾ 10ಕ್ಕಿಂತ ಹೆಚ್ಚು ನೀರನ್ನು ಹೀರುತ್ತದೆ. ಮೇಲಿನ ಮೆರುಗಿನ ಪದರವೊಂದೇ ಅದಕ್ಕೆ ಕಾವಲು. ವಿಟ್ರಿಫೈಡ್ ಟೈಲಿನಲ್ಲಿ ಜೇಡಿಮಣ್ಣು ಮತ್ತು ಸಿಲಿಕದೊಡನೆ ಬೆರೆತ ಫೆಲ್ಡ್‌ಸ್ಪಾರ್ ಎಂಬ ಖನಿಜ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ, ಒಳಗಿನ ಸಂದುಗಳನ್ನು ಗಾಜಿನಂತೆ ತುಂಬುವುದರಿಂದ, ಅದು ಹೀರುವ ನೀರು ಶೇಕಡಾ 0.5ನ್ನು ಮೀರುವುದಿಲ್ಲ. ಎರಡನ್ನೂ ಬೋರಲಾಗಿಟ್ಟು ಬೆನ್ನಿನ ಮೇಲೆ ಒಂದೊಂದು ಹನಿ ನೀರು ಬಿಟ್ಟು ನೋಡಿ: ಗೋಡೆಯ ಟೈಲಿನ ಮೇಲಿನ ಹನಿ ಕಲೆಯಾಗಿ ಇಂಗಿಹೋಗುತ್ತದೆ, ಇನ್ನೊಂದರ ಮೇಲಿನದು ಹಾಗೆಯೇ ನಿಂತಿರುತ್ತದೆ. ಗಾರೆಯವರು ಗೋಡೆಯ ಟೈಲನ್ನು ನೀರಿನಲ್ಲಿ ನೆನೆಸಿ ಸಿಮೆಂಟಿನಿಂದ ಕೂರಿಸುವುದೂ, ವಿಟ್ರಿಫೈಡ್ ಟೈಲಿಗೆ ಬೇರೆ ಅಂಟು ಕೇಳುವುದೂ ಇದೇ ಕಾರಣಕ್ಕೆ. ಆದ್ದರಿಂದ ‘ಗಾಜುಗಟ್ಟಿದ ಟೈಲ್’ ಎಂಬುದು ನನ್ನ ಸೂಚನೆ.

ಮರು ಉತ್ತರ:
‘ಟೈಲ್’ ಕನ್ನಡವಲ್ಲ. ‘ಬಿಲ್ಲೆ’ ಎಂಬ ಪದ ಕೈಯಲ್ಲಿರುವಾಗ ಇಂಗ್ಲಿಷಿನ ಮುಂದೆ ಕೈಚಾಚುವ ಅಗತ್ಯ ನನಗೆ ಕಾಣುವುದಿಲ್ಲ. ‘ಗಾಜುಬಿಲ್ಲೆ’ ಎಂದು ಬರೆಯಿರಿ, ಚರ್ಚೆ ಮುಗಿಯಿತು.

ಉತ್ತರ:
ಮುಗಿಯಲಿಲ್ಲ. ‘ಗಾಜುಬಿಲ್ಲೆ’ ಎಂದರೆ ಗಾಜಿನಿಂದಲೇ ಮಾಡಿದ ಬಿಲ್ಲೆ ಎಂದಾಗುತ್ತದೆ, ಮತ್ತು ಅಂಥ ಗಾಜಿನ ಮೊಸಾಯಿಕ್ ಬಿಲ್ಲೆಗಳು ಮಾರುಕಟ್ಟೆಯಲ್ಲಿ ಬೇರೆಯೇ ಇವೆ. ‘ಗಟ್ಟಿದ’ ಎಂಬ ಕೃದಂತವನ್ನು ಕಿತ್ತುಹಾಕಿದರೆ ಅರ್ಥವೇ ಕಳಚುತ್ತದೆ. ‘ಟೈಲ್’ ಪದವನ್ನು ಕೂಲಿಯವರಿಂದ ಎಂಜಿನಿಯರರವರೆಗೆ ಎಲ್ಲರೂ ಆಡುತ್ತಿದ್ದಾರೆ. ಫಾರಸಿಯಿಂದ ಬಂದ ‘ಪಿಂಗಾಣಿ’ಯನ್ನು ಯಾರ ಅಪ್ಪಣೆಯನ್ನೂ ಕೇಳದೆ ಒಪ್ಪಿಕೊಂಡ ಭಾಷೆ ಇದನ್ನೂ ಒಪ್ಪಿಕೊಂಡಿದೆ. ನಾವು ಶ್ರಮಿಸಬೇಕಾದುದು ಗುಣವನ್ನು ಹೇಳುವ ವಿಶೇಷಣಕ್ಕಾಗಿ, ಏಕೆಂದರೆ ಫಲಕವನ್ನು ಓದಿ ಹಣ ಕೊಡುವವನಿಗೆ ತಿಳಿಯಬೇಕಾದುದು ಅದೇ.

ಮೂರನೆಯದಕ್ಕೆ ‘ಜಾರದ ಟೈಲ್’ ಎಂದು ದಯವಿಟ್ಟು ಬರೆಯಬೇಡಿ. ಜಾರುವಿಕೆಯನ್ನು ಇಳಿಜಾರಿನ ಹಲಗೆಯ ಮೇಲೆ ಪರೀಕ್ಷಿಸಿ ಆರ್9ರಿಂದ ಆರ್13ರವರೆಗೆ (ಅಂಕಿ ಹೆಚ್ಚಿದಷ್ಟೂ ಜಾರಿಕೆ ಕಡಿಮೆ) ದರ್ಜೆ ಕೊಡುತ್ತಾರೆಯೇ ಹೊರತು, ಸೋಪಿನ ನೀರಿನಲ್ಲಿ ಎಂದೂ ಜಾರದ ಟೈಲ್ ಇಲ್ಲ. ಬಚ್ಚಲಿನಲ್ಲಿ ಓಡಾಡುವ ವಯಸ್ಸಾದವರು ಆ ಮಾತನ್ನು ನಂಬಿ ಕಾಲಿಡುತ್ತಾರೆ. ‘ಜಾರಿಕೆ ತಗ್ಗಿಸುವ ಟೈಲ್’ ಎನ್ನಿ, ಪಕ್ಕದಲ್ಲಿ ದರ್ಜೆಯನ್ನೂ ನಮೂದಿಸಿ. ಮೊದಲನೆಯದಕ್ಕೆ ‘ಗೋಡೆಯ ಸೆರಾಮಿಕ್ ಟೈಲ್’ ಎಂದು ಬರೆದು, ಅದರ ಕೆಳಗೆ ಅಷ್ಟೇ ದಪ್ಪ ಅಕ್ಷರಗಳಲ್ಲಿ ‘ನೆಲಕ್ಕೆ ಹಾಕಬಾರದು’ ಎಂದು ಸೇರಿಸಿ.