‘ವಂಶವಾಹಿಯ ಅಭಿವ್ಯಕ್ತಿ’ಗೆ ಬದಲು ಯಾವ ಪದ?

ಮಾನ್ಯರೇ,

ಬೆಂಗಳೂರಿನ ಉತ್ತರಕ್ಕೆ, ಯಲಹಂಕ ಮತ್ತು ದೊಡ್ಡಬಳ್ಳಾಪುರದ ಕಡೆ ಹಂದಿ ಸಾಕುವವರಿಗಾಗಿ ನಾನು ಬರೆಯುತ್ತಿರುವ ಕಿರುಹೊತ್ತಗೆಯೊಂದು, ಇಂಗ್ಲಿಷಿನ ‘ಜೀನ್ ಎಕ್ಸ್‌ಪ್ರೆಶನ್’ಗೆ ತಕ್ಕ ಕನ್ನಡ ಪದ ಸಿಗದೆ, ಎರಡು ವಾರದಿಂದ ಒಂದೇ ವಾಕ್ಯದಲ್ಲಿ ನಿಂತುಹೋಗಿದೆ. ಆಕ್ಟಿನೊಬ್ಯಾಸಿಲಸ್ ಪ್ಲೂರೊನ್ಯುಮೋನಿಯೆ ಎಂಬ ಬ್ಯಾಕ್ಟೀರಿಯ ಹಂದಿಗಳಲ್ಲಿ ತರುವ ಶ್ವಾಸಕೋಶದ ರೋಗದ ಬಗ್ಗೆ ನಾನು ಹೀಗೆ ಬರೆದಿದ್ದೆ: ‘ಹಂದಿಯ ದೇಹ ಹೊಕ್ಕ ರೋಗಾಣು ತನ್ನ ವಂಶವಾಹಿಗಳ ಅಭಿವ್ಯಕ್ತಿಯನ್ನು ಬದಲಿಸಿಕೊಂಡು ಆತಿಥೇಯಕ್ಕೆ ಹೊಂದಿಕೊಳ್ಳುತ್ತದೆ.’ ಇದನ್ನು ಓದಿ ಹೇಳಿದಾಗ ಹಿರಿಯ ಸಾಕಣೆದಾರರೊಬ್ಬರು, ‘ಅಂದ್ರೆ ಒಳಗೆ ಹೋದ್ಮೇಲೆ ಅದು ಬೇರೆ ರೋಗಾಣುನೇ ಆಗ್ಬಿಡುತ್ತಾ ಸಾರ್?’ ಎಂದು ಕೇಳಿದರು. ನನ್ನ ವಾಕ್ಯದಿಂದ ಆ ಅರ್ಥವೇ ಹೊರಡುತ್ತದೆ ಎಂಬುದು ಆಗ ಹೊಳೆಯಿತು.

ನಡೆಯುವುದು ಬೇರೆ. ರೋಗಾಣುವಿನ ವಂಶವಾಹಿಗಳು, ಅಂದರೆ ಜೀನುಗಳು, ಇದ್ದಂತೆಯೇ ಇರುತ್ತವೆ; ಅವುಗಳಲ್ಲಿ ಯಾವುದು ಈಗ ಕೆಲಸ ಮಾಡಬೇಕು, ಎಷ್ಟು ಮಾಡಬೇಕು ಎಂಬುದಷ್ಟೇ ಬದಲಾಗುತ್ತದೆ. ಹಂದಿಯ ರಕ್ತದಲ್ಲಿ ಕಬ್ಬಿಣವು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಬಿಡಿಯಾಗಿ ಸಿಗುವುದಿಲ್ಲ. ಆ ಕೊರತೆ ತಟ್ಟಿದೊಡನೆ, ಟ್ರಾನ್ಸ್‌ಫೆರಿನ್ನನ್ನು ಹಿಡಿದು ಕಬ್ಬಿಣ ಕಿತ್ತುಕೊಳ್ಳುವ ಗ್ರಾಹಕ ಪ್ರೋಟೀನುಗಳ (ರಿಸೆಪ್ಟರ್) ಜೀನುಗಳು ಬ್ಯಾಕ್ಟೀರಿಯದಲ್ಲಿ ಜೋರಾಗಿ ದುಡಿಯತೊಡಗುತ್ತವೆ. ಇನ್ನೂ ಸ್ಪಷ್ಟವಾದ ಉದಾಹರಣೆ ಎಪಿಎಕ್ಸ್-4 ಎಂಬ ವಿಷದ್ದು. ಪ್ರಯೋಗಾಲಯದ ಸಾಮಾನ್ಯ ಪೋಷಕ ದ್ರವದಲ್ಲಿ ಬೆಳೆಸಿದಾಗ ಈ ಬ್ಯಾಕ್ಟೀರಿಯ ಅದನ್ನು ತಯಾರಿಸುವುದಿಲ್ಲ, ಸೋಂಕು ತಗಲಿದ ಹಂದಿಯೊಳಗೆ ತಯಾರಿಸುತ್ತದೆ. ಆದ್ದರಿಂದಲೇ ಆ ವಿಷದ ವಿರುದ್ಧದ ಪ್ರತಿಕಾಯ ರಕ್ತದಲ್ಲಿ ಇದೆಯೇ ಎಂದು ನೋಡಿ, ನಿಜವಾಗಿ ಸೋಂಕು ತಗಲಿದ ಹಂದಿಯನ್ನು, ಅಂಥ ದ್ರವದಲ್ಲಿ ಬೆಳೆಸಿ ಕೊಂದ ಬ್ಯಾಕ್ಟೀರಿಯದ ಲಸಿಕೆಯನ್ನಷ್ಟೇ ಪಡೆದ ಹಂದಿಯಿಂದ ಬೇರ್ಪಡಿಸಿ ಗುರುತಿಸಬಹುದು. ಪೋಷಕ ದ್ರವದಲ್ಲಿರಲಿ, ಹಂದಿಯೊಳಗಿರಲಿ, ಜೀನು ಎರಡೂ ಕಡೆ ಅದೇ. ಒಂದು ಕಡೆ ಸುಮ್ಮನಿದೆ, ಇನ್ನೊಂದು ಕಡೆ ದುಡಿಯುತ್ತಿದೆ.

ಈಗ ಪದಗಳ ವಿಚಾರ. ‘ವಂಶವಾಹಿ’ ಎಂದೊಡನೆ ಓದುಗರ ಮನಸ್ಸು ತಲೆಮಾರು, ಪೀಳಿಗೆಗಳ ಕಡೆಗೆ ಹೋಗುತ್ತದೆ. ಆ ಹಿರಿಯರ ಪ್ರಶ್ನೆಯೂ ಅಲ್ಲಿಂದಲೇ ಹುಟ್ಟಿತೆಂದು ನನಗನಿಸುತ್ತದೆ. ದಿನನಿತ್ಯದ ಕೆಲಸವನ್ನು ಹೇಳಬೇಕಾದ ಇಂಥ ಕಡೆ ‘ಜೀನು’ ಎಂದರೇ ವಾಸಿ. ‘ಅಭಿವ್ಯಕ್ತಿ’ಯಲ್ಲಿ ಮರೆಯಲ್ಲಿದ್ದುದು ಪ್ರಕಟವಾಗುವುದು ಎಂಬ ಅರ್ಥ ಇರುವುದರಿಂದ ಅದು ಅಸಂಗತವೇನಲ್ಲ. ಆದರೆ ಅಭಿವ್ಯಕ್ತಿ ಸ್ವಾತಂತ್ರ್ಯ, ಭಾವಾಭಿವ್ಯಕ್ತಿ ಎಂದು ಕೇಳಿ ರೂಢಿಯಾದ ಕಿವಿಗೆ ‘ಅಭಿವ್ಯಕ್ತಿ ಹತ್ತು ಪಟ್ಟು ಹೆಚ್ಚಿತು’ ಎಂಬುದು ಏನನ್ನೂ ಹೇಳುವುದಿಲ್ಲ. ‘ಚಾಲನೆ’ಯನ್ನೂ ಯೋಚಿಸಿದೆ; ಅದು ಆರಂಭವನ್ನು ಹೇಳುತ್ತದೆಯೇ ಹೊರತು ಪ್ರಮಾಣವನ್ನಲ್ಲ, ಮೇಲಾಗಿ ಸಮಾರಂಭಗಳ ಪದವಾಗಿಬಿಟ್ಟಿದೆ. ‘ಸಕ್ರಿಯ’ಕ್ಕೂ ಹೆಚ್ಚುಕಡಿಮೆಯ ಅಳತೆ ಸುಲಭವಾಗಿ ಒಗ್ಗುವುದಿಲ್ಲ. (ರೋಗಾಣು ಹೊಕ್ಕು ನೆಲೆಸುವ ಪ್ರಾಣಿಯನ್ನು ‘ಆತಿಥೇಯ’ ಎನ್ನುತ್ತಾರೆ; ಕಬ್ಬಿಣವನ್ನು ಬಿಟ್ಟುಕೊಡದ ಪ್ರಾಣಿಗೆ ಸತ್ಕಾರದ ಹೆಸರು ಏಕೆಂದು ನಾನು ‘ಹಂದಿ’ ಎಂದೇ ಬರೆಯುತ್ತಿದ್ದೇನೆ.)

ಒಲೆಯ ಉರಿಗೆ ನಮ್ಮಲ್ಲಿ ಹೊತ್ತಿಸು, ಸಣ್ಣ ಮಾಡು, ಜೋರು ಮಾಡು, ಆರಿಸು ಎಂದು ನಾಲ್ಕೂ ಇವೆ. ಅಂಥದೇ ಕ್ರಿಯಾಪದಗಳ ಜಾಡು ಹಿಡಿದು ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಹಂದಿಯ ದೇಹದೊಳಗೆ ಬದುಕುಳಿಯಲು ರೋಗಾಣು ತನ್ನ ಕೆಲವು ಜೀನುಗಳನ್ನು ಚುರುಕುಗೊಳಿಸುತ್ತದೆ, ಕೆಲವನ್ನು ಮಂದಗೊಳಿಸುತ್ತದೆ, ಜೀನುಗಳು ಮಾತ್ರ ಮೊದಲಿನವೇ.’ ‘ಚುರುಕು’ ವೇಗವನ್ನಷ್ಟೇ ಸೂಚಿಸಿ, ತಯಾರಾಗುವ ಪ್ರಮಾಣವನ್ನು ಬಿಟ್ಟುಬಿಡುತ್ತದೆಯೇ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರು, ಪಾಠ ಹೇಳಿದವರು ತಮ್ಮತಮ್ಮಲ್ಲಿ ಕನ್ನಡದಲ್ಲಿ ಮಾತನಾಡುವಾಗ ಇದಕ್ಕೆ ಬಳಸುವ ಪದ ಯಾವುದು ಎಂದು ತಿಳಿಸಿದರೆ ಅದನ್ನೇ ಮೊದಲು ಆ ಹಿರಿಯರಿಗೆ ಓದಿ ಹೇಳುತ್ತೇನೆ.